ಡೈನಮೋ ಒಂದು, ಆಲ್ಟರ್ನೇಟರ್ ಒಂದು

ವೇಣೂರಿನ ನಮ್ಮ ಸಂಕಪ್ಪಣ್ಣನಿಗೆ ಗೊತ್ತಿಲ್ಲದ ವಿಷಯ ಎಂಬುದಿಲ್ಲ. ಇದ್ದರೂ ಅದು ಅವರಿಗೆ ಗೊತ್ತಿಲ್ಲ. ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಗುಮಾಸ್ತರಾಗಿಯೇ ನಿವೃತ್ತರಾದ ಅವರು ಇಡೀ ಸೇವಾವಧಿಯಲ್ಲಿ ‘ಹಾಗೆಂದರೇನು?’ ಎಂದು ಯಾರನ್ನೂ ಕೇಳಿದವರಲ್ಲ. ಕೇಳಿದರೆ ನಮಗೆ ಗೊತ್ತಿಲ್ಲವೆಂದು ಎದುರಿನವನಿಗೆ ಗೊತ್ತಾಗುತ್ತದೆ. ಕೇಳದಿದ್ದರೆ ಕಡತ ತಾನಾಗಿಯೇ ಮುಂದಿನ ಮೇಜಿಗೆ ಹೋಗುತ್ತದೆ. ಇದು ಅವರ ಸಿದ್ಧಾಂತ. ಕಡತಗಳ ಮಟ್ಟಿಗೆ ಸಿದ್ಧಾಂತ ಚೆನ್ನಾಗಿಯೇ ನಡೆಯಿತು. ಕಾರಿನ ಮಟ್ಟಿಗೆ ನಡೆಯಲಿಲ್ಲ.

ಕಾರು ಅವರು ನಿವೃತ್ತಿಯ ನಂತರ ಕೊಂಡದ್ದು. ಹಳೆಯದು, ಚಿಕ್ಕದು, ಬೂದಿ ಬಣ್ಣದ್ದು. ಮೊದಲಿನ ಮಾಲೀಕರು ಅದನ್ನು ಯಾಕೆ ಮಾರಿದರೆಂದು ಕೂಡ ಸಂಕಪ್ಪಣ್ಣ ಕೇಳಲಿಲ್ಲ. ವೇಣೂರಿನಿಂದ ಬಂಟ್ವಾಳಕ್ಕೆ ಜನ್ಮವಿಡೀ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಹೋದ ಮನುಷ್ಯನಿಗೆ ಕುಳಿತು ಹೋಗುವ ಸುಖ ಆಗಷ್ಟೇ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಸುಖವೆಂದರೆ ಸಂಜೆ ಹೆಂಡತಿ ಶಶಿಪ್ರಭಕ್ಕ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳುವುದು. ಇಬ್ಬರೂ ಮೂಡುಬಿದಿರೆಗೆ ಹೋಗಿ, ಶಶಿಪ್ರಭಕ್ಕನ ತಮ್ಮ ಶೋಧನನ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಕತ್ತಲಾಗುವ ಮೊದಲು ಮರಳುತ್ತಿದ್ದರು. ಮನೆಯಲ್ಲಿ ಉಪ್ಪು, ಸಾಬೂನು, ನೀರಿನ ಪಂಪು ಬಿಟ್ಟು ಬೇರೆ ಮಾತಿಲ್ಲದ ಗಂಡ ಹೆಂಡತಿ ಕಾರಿನಲ್ಲಿ ಕುಳಿತ ಕೂಡಲೇ ಲೋಕದ ಮಾತೆಲ್ಲ ಆಡುತ್ತಿದ್ದರು. ಈ ಕಾರಣಕ್ಕೆ ಸಂಕಪ್ಪಣ್ಣನಿಗೆ ಆ ಕಾರಿನ ಮೇಲೆ ಜೀವ. ಇದನ್ನು ಅವರೇ ನನಗೆ ಹೇಳಿದ್ದು. ನಾನು ಅವರ ಎದುರು ಮನೆಯವನು. ಕಾರಿನ ವಿಷಯದಲ್ಲಿ ನನ್ನ ಸ್ಥಾನ ಯಾವಾಗಲೂ ಹಿಂಬದಿಯಲ್ಲಿ, ಅಂದರೆ ದೂಡುವುದು.

ಮೊದಲ ಸಲ ಕಾರು ಕೈಕೊಟ್ಟದ್ದು ಮೂಡುಬಿದಿರೆಯಲ್ಲಿ. ಸ್ಟೇರಿಂಗಿನ ಎದುರು ಕೆಂಪು ದೀಪವೊಂದು ಹೊತ್ತಿಕೊಂಡಿತು. ಸಂಕಪ್ಪಣ್ಣ ಅದನ್ನು ಅಲಂಕಾರದ ದೀಪವೆಂದು ತಿಳಿದು ಊರೆಲ್ಲ ಸುತ್ತಾಡಿದರು. ಸ್ವಲ್ಪ ಹೊತ್ತಿನಲ್ಲಿ ಹಾರ್ನ್ ಸಣ್ಣಗಾಯಿತು, ವೈಪರ್ ಅರ್ಧದಲ್ಲಿ ನಿಂತಿತು, ಆಮೇಲೆ ಕಾರೇ ನಿಂತಿತು. ಶೋಧನ ತನ್ನ ಪರಿಚಯದ ಅಮಲ್ ಎಂಬ ಮೆಕ್ಯಾನಿಕನನ್ನು ಕರೆಸಿದ. ಅಮಲ್ ಹೊಸ ಕಾಲದವನು. ಶುಭ್ರ ಬಟ್ಟೆ, ಕಿವಿಯಲ್ಲಿ ಸದಾ ಫೋನು.

"ಆಲ್ಟರ್ನೇಟರ್ ಪ್ರಾಬ್ಲಂ, ಸರ್. ಬೆಲ್ಟ್ ಲೂಸ್ ಉಂಟು. ಬ್ಯಾಟರಿಗೆ ಚಾರ್ಜ್ ಹೋಗ್ತಾ ಇಲ್ಲ" ಎಂದ ಅಮಲ್.

"ಅದೇ, ನಾನೂ ಅದೇ ಅಂದಾಜು ಮಾಡಿದ್ದು" ಎಂದರು ಸಂಕಪ್ಪಣ್ಣ.

ಅಮಲ್ ಒಳಗಿನ ಸಣ್ಣ ಸಾಮಾನು ಬದಲಿಸಿ, ಬೆಲ್ಟನ್ನು ಚೆಂಡೆಯ ಹಗ್ಗದ ಹಾಗೆ ಬಿಗಿದು, "ಆಲ್ಟರ್ನೇಟರ್‌ಗೆ ನನ್ನ ಗ್ಯಾರಂಟಿ, ಸರ್. ಏನಾದ್ರೂ ಆದ್ರೆ ಸೀದಾ ಇಲ್ಲಿಗೇ ಬನ್ನಿ" ಎಂದ. ಕೆಂಪು ದೀಪ ಆರಿತು.

ವಾರ ಕಳೆಯುವುದರೊಳಗೆ ಕಾರಿನ ಮೂತಿಯಿಂದ ‘ಗುಂಯ್’ ಎಂಬ ಸದ್ದು ಶುರುವಾಯಿತು. ಸದ್ದು ನಮ್ಮ ಓಣಿಗೆ ಕಾರಿಗಿಂತ ಮೊದಲು ಬರುತ್ತಿತ್ತು. ಆಗ ಸಂಕಪ್ಪಣ್ಣ ಹೋದದ್ದು ನಮ್ಮೂರಿನ ಶರೀಫನ ಗ್ಯಾರೇಜಿಗೆ. ಶರೀಫ ನೆರೆಯವನು, ಕೆಲಸದಲ್ಲಿ ಗಟ್ಟಿಗ, ಬಾಯಿಯಲ್ಲಿ ಇನ್ನೂ ಗಟ್ಟಿಗ. ಊರಿನ ಉಳಿದ ಮೆಕ್ಯಾನಿಕರೆಲ್ಲ ತಪ್ಪಿ ಈ ಉದ್ಯೋಗಕ್ಕೆ ಬಂದವರು ಎಂಬುದು ಅವನ ಅಭಿಪ್ರಾಯ.

ಶರೀಫ ಬಾನೆಟ್ ಎತ್ತಿ ಕಿವಿ ಕೊಟ್ಟು ಕೇಳಿದ. "ಡೈನಮೋ ಹೋಗ್ತಾ ಉಂಟು, ಸಂಕಪ್ಪಣ್ಣ. ಬೇರಿಂಗ್ ಅಳ್ತಾ ಉಂಟು. ಬೆಲ್ಟ್ ಇಷ್ಟು ಟೈಟ್ ಮಾಡಿದ್ದು ಯಾವ ಮುಟ್ಠಾಳ?"

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಳಬರೆಲ್ಲ ಆಲ್ಟರ್ನೇಟರಿಗೆ ಡೈನಮೋ ಎಂದೇ ಹೇಳುವುದು. ವಸ್ತು ಒಂದೇ, ಹೆಸರು ಎರಡು. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ, ನನ್ನದು ಸೈಕಲ್. ಸಂಕಪ್ಪಣ್ಣನಿಗೂ ಗೊತ್ತಿರಲಿಲ್ಲ. ‘ಡೈನಮೋ ಅಂದರೆ ಮೂಡುಬಿದಿರೆಯವ ಹೇಳಿದ ಅದೆಯಾ?’ ಎಂದು ಒಂದು ಮಾತು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿದ್ಧಾಂತ ಅಡ್ಡ ಬಂತು. "ಅದೇ, ನಾನೂ ಅದೇ ಅಂದಾಜು ಮಾಡಿದ್ದು" ಎಂದುಬಿಟ್ಟರು.

ಶರೀಫ ಬೇರಿಂಗ್ ಬದಲಿಸಿ, ಬೆಲ್ಟ್ ಸಡಿಲ ಮಾಡಿ, "ಡೈನಮೋಗೆ ನಾನು ಜವಾಬ್ದಾರಿ. ಬೇರೆ ಯಾರ ಕೈಗೂ ಕೊಡ್ಬೇಡಿ" ಎಂದ. ಸದ್ದು ನಿಂತಿತು.

ಆ ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ಸಂಕಪ್ಪಣ್ಣ ನನಗೆ ಪಾಠ ಮಾಡಿದರು.

"ನೋಡಿ ಮಾರಾಯ್ರೇ, ಈಗಿನ ಕಾರಲ್ಲಿ ಎರಡು ಉಂಟು. ಡೈನಮೋ ಒಂದು, ಆಲ್ಟರ್ನೇಟರ್ ಒಂದು. ಡೈನಮೋ ನಿಮ್ಮ ಸೈಕಲಿನದ್ದೇ ಜಾತಿ, ತಿರುಗುವಾಗ ಗುಂಯ್ ಅಂತದೆ. ಆಲ್ಟರ್ನೇಟರ್ ಶಬ್ದ ಮಾಡುವುದಿಲ್ಲ, ಕೆಂಪು ದೀಪ ತೋರಿಸ್ತದೆ. ಶಬ್ದ ಬಂದರೆ ಶರೀಫ, ದೀಪ ಬಂದರೆ ಅಮಲ್. ಜವಾಬ್ದಾರಿ ಬೇರೆ ಬೇರೆ ಮಾಡಿ ಇಟ್ಟಿದ್ದೇನೆ."

ನನ್ನ ಸೈಕಲ್ಲಿನ ಡೈನಮೋ ಗುಂಯ್ ಎನ್ನುವುದು ಸತ್ಯವೇ ಆದ್ದರಿಂದ ನಾನು ತಲೆಯಾಡಿಸಿದೆ.

ಮುಂದೆ ಆದದ್ದು ಇಷ್ಟೆ. ಶರೀಫ ಬೆಲ್ಟ್ ಸಡಿಲ ಮಾಡಿದರೆ ಕೆಂಪು ದೀಪ ಬರುತ್ತಿತ್ತು. ಕಾರು ಮೂಡುಬಿದಿರೆಗೆ ಹೋಗುತ್ತಿತ್ತು. ಅಮಲ್ ಬಿಗಿದರೆ ಗುಂಯ್ ಸದ್ದು ಬರುತ್ತಿತ್ತು. ಕಾರು ಶರೀಫನಲ್ಲಿಗೆ ಬರುತ್ತಿತ್ತು. ಕೆಲವು ಸಲ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಆಗ ನಾನು ಹೋಗುತ್ತಿದ್ದೆ. ಇಬ್ಬರು ಮೆಕ್ಯಾನಿಕರೂ ತಮ್ಮ ಗ್ಯಾರಂಟಿಗೆ ಬದ್ಧರಾಗಿ ನಗುನಗುತ್ತ ರಿಪೇರಿ ಮಾಡಿದರು. ಆಮೇಲೆ ನಗು ಕಮ್ಮಿಯಾಯಿತು. ಇಬ್ಬರಿಗೂ ಒಂದೇ ಅನುಮಾನ: ತಾನು ಮಾಡಿದ್ದನ್ನು ಯಾರೋ ಹಾಳು ಮಾಡುತ್ತಿದ್ದಾರೆ.

"ಸಂಕಪ್ಪಣ್ಣ, ಸತ್ಯ ಹೇಳಿ. ಡೈನಮೋಗೆ ಬೇರೆ ಯಾರಾದ್ರೂ ಕೈ ಹಾಕಿದ್ದಾರಾ?" ಎಂದು ಶರೀಫ ಕೇಳಿದ.

ಸಂಕಪ್ಪಣ್ಣನಿಗೆ ಸಿಟ್ಟು ಬಂತು. ಅವರು ಸುಳ್ಳು ಹೇಳುವವರಲ್ಲ. "ದೇವರಾಣೆ ಶರೀಫ! ಡೈನಮೋಗೆ ನೀನಲ್ಲದೆ ಇನ್ನೊಬ್ಬ ಕೈ ಹಾಕಿಲ್ಲ."

ಅಮಲ್ ಕೇಳಿದಾಗಲೂ ಅಷ್ಟೇ ನಿಷ್ಠೆಯಿಂದ, "ದೇವರಾಣೆ, ಆಲ್ಟರ್ನೇಟರ್‌ಗೆ ನೀವಲ್ಲದೆ ಇನ್ನೊಬ್ಬ ಕೈ ಹಾಕಿಲ್ಲ" ಎಂದರು. ಎರಡು ಆಣೆಗಳೂ ಮನಸ್ಸಿನಿಂದ ಬಂದವು. ದೇವರಿಗೆ ಮಾತ್ರ ಲೆಕ್ಕ ಹೇಗೆ ಬರೆಯುವುದೆಂದು ಕಷ್ಟವಾಗಿರಬೇಕು.

ಶರೀಫ ಗಡ್ಡ ಕೆರೆದುಕೊಂಡ. "ಹಾಗಾದ್ರೆ ನಿಮ್ಮ ಶೆಡ್ಡಿಗೆ ಯಾರೋ ಬಂದು ಹೋಗ್ತಾ ಇದ್ದಾರೆ. ನಿಮಗೆ ಆಗದವರು ಯಾರಾದ್ರೂ ಇದ್ದಾರಾ?"

ತಾಲೂಕು ಕಚೇರಿಯಲ್ಲಿ ಅಷ್ಟು ವರ್ಷ ದುಡಿದವರಿಗೆ ಈ ಪ್ರಶ್ನೆ ಕೇಳಬಾರದಿತ್ತು. ಸಂಕಪ್ಪಣ್ಣ ಎರಡು ದಿನ ನೆನಪು ಮಾಡಿಕೊಂಡೇ ಇದ್ದರು. ಕಡೆಗೆ ಪೇಟೆಯಿಂದ ಸರಪಳಿ ತಂದು, ಬಾನೆಟ್ಟಿನ ಸಂದಿನಲ್ಲಿ ತೂರಿಸಿ ಬೀಗ ಜಡಿದರು. ಶರೀಫನ ತಾಯಿ ಐಸಮ್ಮ ಬೇಲಿಯಾಚೆಯಿಂದ ನೋಡಿ, "ಬೀಗಕ್ಕೆ ಕಳ್ಳ ಹೆದರ್ತಾನೆ ಸಂಕಪ್ಪಣ್ಣ, ಕಣ್ಣು ಹೆದರ್ತದಾ? ಇದು ಯಾರದ್ದೋ ಕಣ್ಣು ಬಿದ್ದದ್ದು" ಎಂದು ಮಂತ್ರಿಸಿದ ನೂಲು ಕೊಟ್ಟರು. ನನ್ನ ಹೆಂಡತಿ ತನ್ನ ಪಾಲಿಗೆ ನಿಂಬೆಹಣ್ಣು ಮೆಣಸಿನ ಸರ ಕೊಟ್ಟಳು. ಯಾರನ್ನೂ ನೋಯಿಸಬಾರದೆಂದು ಸಂಕಪ್ಪಣ್ಣ ಎಲ್ಲವನ್ನೂ ಕಟ್ಟಿದರು. ಬೀಗ, ನೂಲು, ನಿಂಬೆ ಹೊತ್ತು ಗುಂಯ್‌ಗುಡುತ್ತ ಕಾರು ಹೊರಟರೆ ಮಕ್ಕಳು ಮನೆಯಿಂದ ಹೊರಗೆ ಓಡಿ ಬರುತ್ತಿದ್ದರು.

ಇಂಥ ಕಾರು ಪೊಲೀಸರ ಕಣ್ಣಿಗೆ ಬೀಳದೆ ಇರುತ್ತದೆಯೇ? ಸಂಕಪ್ಪಣ್ಣ ಒಬ್ಬರೇ ಹೊರಟ ಒಂದು ದಿನ ಮೂಡುಬಿದಿರೆಯ ದಾರಿಯಲ್ಲಿ ವಾಹನ ತಪಾಸಣೆ ನಡೆಯುತ್ತಿತ್ತು. ಎಎಸ್‌ಐ ಕಾಂತಿ ಎಂಬ ಗಟ್ಟಿ ಸ್ವರದ ಅಮ್ಮ ಕೈ ಅಡ್ಡ ಹಿಡಿದರು.

"ಬಾನೆಟ್ಟಿಗೆ ಯಾಕೆ ಬೀಗ? ಒಳಗೆ ಏನುಂಟು?"

"ಡೈನಮೋ ಒಂದು, ಆಲ್ಟರ್ನೇಟರ್ ಒಂದು, ಮೇಡಂ" ಎಂದರು ಸಂಕಪ್ಪಣ್ಣ ವಿನಯದಿಂದ.

"ಮಾರ್ಲಿಕ್ಕಾ?"

"ಇಲ್ಲ ಮೇಡಂ, ಕಾರಿನದ್ದೇ."

"ಕಾರಿನದ್ದಕ್ಕೆ ಬೀಗ ಯಾರು ಹಾಕ್ತಾರೆ? ತೆಗೀರಿ."

ಬೀಗದ ಕೈ ಮನೆಯಲ್ಲಿ, ದೇವರ ಪಟದ ಹಿಂದೆ ಇತ್ತು. ಸಂಕಪ್ಪಣ್ಣ ಹೆಂಡತಿಗೆ ಫೋನು ಮಾಡಿದರು. ಶಶಿಪ್ರಭಕ್ಕ ಒಲೆ ಆರಿಸಿ, ಸೀರೆ ಬದಲಿಸಿ, ಬಸ್ಸು ಹಿಡಿದು ಬಂದರು. ಅಷ್ಟು ಹೊತ್ತೂ ಸಂಕಪ್ಪಣ್ಣ ಪೊಲೀಸ್ ಜೀಪಿನ ಪಕ್ಕ ನಿಂತಿದ್ದರು. ಹೋಗುವ ಬರುವ ಬಸ್ಸಿನಲ್ಲೆಲ್ಲ ಪರಿಚಯದವರೇ. ಒಬ್ಬರಂತೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಂಥ ಸಂಕಪ್ಪಣ್ಣ, ಲೋಕಾಯುಕ್ತವಾ?" ಎಂದು ವಿಚಾರಿಸಿದರು. ಸುದ್ದಿ ತಿಳಿದು ಶೋಧನ ಹೋಟೆಲಿನಿಂದ ಓಡಿ ಬಂದ. ಬೀಗ ತೆಗೆದು ನೋಡಿದರೆ ಒಳಗೆ ಇದ್ದದ್ದು ಇಂಜಿನು ಮತ್ತು ಧೂಳು. ಕಾಂತಿ ಮೇಡಂ ಅದನ್ನೂ ಇದನ್ನೂ ನೋಡಿ, ಎಣಿಸುವ ಗೋಜಿಗೆ ಹೋಗದೆ, "ಹೋಗಿ ಮಾರಾಯ್ರೇ" ಎಂದು ಕೈ ಮುಗಿದರು.

ಕಾರು ಹೊರಡಲಿಲ್ಲ. ಬ್ಯಾಟರಿ ಖಾಲಿಯಾಗಿತ್ತು. ಪೊಲೀಸರೇ ದೂಡಿದರು. ಆ ಒಂದು ದಿನ ಮಾತ್ರ ನನಗೆ ರಜೆ.

ಶೋಧನ ಆ ದಿನ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ. "ಭಾವ, ಸಾಕು. ಬೆಳ್ತಂಗಡಿಯಲ್ಲಿ ನನಗೆ ಗುರ್ತದ ಗುಜರಿಯವ ಇದ್ದಾನೆ. ಅವನಿಗೆ ಕೊಟ್ಟುಬಿಡುವ. ಅಕ್ಕನಿಗೆ ಎಲ್ಲಿಗೆ ಹೋಗ್ಬೇಕಾದ್ರೂ ನನ್ನ ಕಾರು ಉಂಟಲ್ಲ?"

ಸಂಕಪ್ಪಣ್ಣ ಹೆಂಡತಿಯ ಮುಖ ನೋಡಿದರು. ಬಸ್ಸಿನಲ್ಲಿ ನಿಂತು ಬಂದ ಮುಖ. "ಬರುವ ತಿಂಗಳು ಪ್ರಾಪ್ತಿಯ ನಿಶ್ಚಿತಾರ್ಥ ಉಂಟು ಬಂಟ್ವಾಳದಲ್ಲಿ" ಎಂದರು ಶಶಿಪ್ರಭಕ್ಕ. ಪ್ರಾಪ್ತಿ ಶೋಧನನ ಮಗಳು. "ನಾನು ಅವಳ ಸೋದರತ್ತೆ. ಹೂ ಮುಡಿಸುವವಳು ನಾನು. ಅವತ್ತು ಈ ಕಾರಲ್ಲೇ ಹೋಗುವ. ದಾರಿಯಲ್ಲಿ ನಿಂತರೆ ಕೀ ಅಲ್ಲೇ ಶೋಧನನ ಕೈಗೆ. ಆಮೇಲೆ ನೀವುಂಟು, ನಿಮ್ಮ ಬಸ್ಸುಂಟು."

ಸಂಕಪ್ಪಣ್ಣನಿಗೆ ನಿದ್ದೆ ಹಾರಿಹೋಯಿತು. ಕಾರು ಹೋದರೆ ಹೋಗಲಿ, ಸಂಜೆಯ ಆ ಪಕ್ಕದ ಸೀಟು ಹೋಗುತ್ತದಲ್ಲ ಎಂದು ನನ್ನೆದುರು ಕಣ್ಣು ಒದ್ದೆ ಮಾಡಿಕೊಂಡರು. ನನಗೂ ಸಂಕಟವಾಯಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿ, ಅವರು ತಮ್ಮ ಕಚೇರಿಯ ಬುದ್ಧಿಯನ್ನೆಲ್ಲ ಒಟ್ಟು ಮಾಡಿ ಒಂದು ಏರ್ಪಾಡು ಹೇಳಿದರು.

"ಇಬ್ಬರನ್ನೂ ಕಾರಲ್ಲೇ ಕರ್ಕೊಂಡು ಹೋಗುವ. ಡೈನಮೋ ಹೋದ್ರೆ ಶರೀಫ ಇಳೀತಾನೆ. ಆಲ್ಟರ್ನೇಟರ್ ಹೋದ್ರೆ ಅಮಲ್ ಇಳೀತಾರೆ."

"ಎರಡೂ ಹೋದ್ರೆ?"

"ನೀವು ಇದ್ದೀರಲ್ಲ ದೂಡ್ಲಿಕ್ಕೆ."

ಆದರೆ ಇಬ್ಬರಿಗೂ ವಿಷಯ ಹೇಳಲಿಲ್ಲ. ಒಂದು ವಿಭಾಗದ ಸಂಗತಿಯನ್ನು ಇನ್ನೊಂದು ವಿಭಾಗಕ್ಕೆ ತಿಳಿಸುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲವಂತೆ; ತಿಳಿಸಿದರೆ ಇಬ್ಬರೂ ಕೆಲಸ ಬಿಡುತ್ತಾರಂತೆ. ‘ನಿಶ್ಚಿತಾರ್ಥದ ಊಟಕ್ಕೆ ಬನ್ನಿ’ ಎಂದಷ್ಟೇ ಕರೆದರು.

ಆ ದಿನ ಶರೀಫ ಬಿಳಿ ಅಂಗಿ ಹಾಕಿ, ಅತ್ತರು ಪೂಸಿಕೊಂಡು ಬಂದ. ಹಿಂದಿನ ದಿನವಷ್ಟೇ ಗುಂಯ್ ಸದ್ದನ್ನು ಅವನೇ ಅಡಗಿಸಿದ್ದ, ಖುಷಿಯಲ್ಲಿದ್ದ. ಅಮಲ್ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಸ್ಸಿನಿಂದ ಇಳಿದ. ಸಂಕಪ್ಪಣ್ಣ ಪರಿಚಯ ಮಾಡಿಸಿದರು. "ಇವ ಶರೀಫ, ನಮ್ಮ ನೆರೆಯವ. ಇವರು ಅಮಲ್, ಶೋಧನನ ಗುರ್ತದವರು." ಅದಕ್ಕಿಂತ ಹೆಚ್ಚು ಒಂದಕ್ಷರವಿಲ್ಲ. ಶಶಿಪ್ರಭಕ್ಕ ಮುಂದೆ ಕುಳಿತರು. ಹಿಂದೆ ಆ ಕಡೆ ಶರೀಫ, ಈ ಕಡೆ ಅಮಲ್, ನಡುವೆ ಹೂವಿನ ಹರಿವಾಣ ಮಡಿಲಲ್ಲಿಟ್ಟುಕೊಂಡ ನಾನು. ಅತ್ತರಿಗೂ ಮಲ್ಲಿಗೆಗೂ ನನ್ನ ಮೂಗಿನಲ್ಲಿ ಸ್ಪರ್ಧೆ ನಡೆಯಿತು.

ಸಿದ್ಧಕಟ್ಟೆಯವರೆಗೆ ಕಾರು ಚಿನ್ನದ ಹಾಗೆ ಓಡಿತು. ಅಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಸಂಕಪ್ಪಣ್ಣ ಗಾಬರಿಯಾಗಲಿಲ್ಲ. ಕಾರನ್ನು ಬದಿಗೆ ತೆಗೆದು, ಇಂಜಿನ್ ಆರಿಸದೆ, ಹಿಂದಕ್ಕೆ ತಿರುಗಿ ಗಂಭೀರವಾಗಿ, "ಅಮಲ್, ನಿಮ್ಮದು ಬಂತು" ಎಂದರು.

"ಎಂಥ ಬಂತು, ಸರ್?"

"ದೀಪ."

ಅಮಲನ ಮುಖ ಸಣ್ಣದಾಯಿತು. ಊಟಕ್ಕೆಂದು ಬಂದವನು ತೋಳು ಮಡಚಿ ಇಳಿದ. ಬಾನೆಟ್ ಏಳುವುದನ್ನು ಕಂಡರೆ ಸುಮ್ಮನೆ ಕೂರುವ ಜಾತಿಯವನಲ್ಲ ಶರೀಫ, ಅವನೂ ಇಳಿದ. ಹರಿವಾಣ ಸಮೇತ ನಾನೂ ಇಳಿದೆ. ಸಂಕಪ್ಪಣ್ಣ ಬೀಗ ತೆಗೆದರು.

ಅಮಲ್ ಬಗ್ಗಿ ನೋಡಿ, ಇಂಜಿನ್ ಆರಿಸಲು ಹೇಳಿ, ಬೆಲ್ಟಿಗೆ ಬೆರಳು ಒತ್ತಿದ. "ನೋಡಿ ಸರ್! ಪುನಃ ಲೂಸ್. ಯಾವನೋ ಮುಟ್ಠಾಳ ಪುನಃ ಲೂಸ್ ಮಾಡಿದ್ದಾನೆ!"

"ಮುಟ್ಠಾಳ ಯಾರು?" ಎಂದ ಶರೀಫ. "ಲೂಸ್ ಮಾಡಿದ್ದು ನಾನು. ನಿನ್ನೆ."

"ನೀವಾ? ನನ್ನ ಆಲ್ಟರ್ನೇಟರ್‌ಗೆ ನೀವು ಯಾಕೆ ಕೈ ಹಾಕಿದ್ದು?"

"ನಿಮ್ಮ ಆಲ್ಟರ್ನೇಟರಾ? ಇದು ನನ್ನ ಡೈನಮೋ!"

ಇಬ್ಬರ ಬೆರಳೂ ಬೆಲ್ಟ್ ಸುತ್ತಿದ ಒಂದೇ ಲೋಹದ ಉಂಡೆಯ ಮೇಲಿತ್ತು. ಪಕ್ಕದಲ್ಲಿ ನಿಂತ ಬಸ್ಸಿನಿಂದ ಇಳಿದ ಜನ ನಮ್ಮ ಸುತ್ತ ಸೇರಿದರು. ಆಮೇಲೆ ಇಬ್ಬರೂ ಒಟ್ಟಿಗೆ ಸಂಕಪ್ಪಣ್ಣನ ಕಡೆಗೆ ತಿರುಗಿದರು.

ಸಂಕಪ್ಪಣ್ಣ ಬಾನೆಟ್ಟಿನೊಳಗೆ ಇಣುಕಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಕೆಳಗೆ ಬಗ್ಗಿ ನೆಲವನ್ನೂ ನೋಡಿದರು. "ಹಾಗಾದ್ರೆ," ಎಂದರು ಮೆಲ್ಲಗೆ, "ಇನ್ನೊಂದು ಯಾರು ತೆಗೆದದ್ದು?"

"ಇನ್ನೊಂದು ಅಂತ ಇಲ್ಲ, ಸರ್! ಒಂದೇ!" ಎಂದು ಅಮಲ್ ಕೂಗಿದ.

"ನೀವು ದೇವರಾಣೆ ಹಾಕಿದ್ದಲ್ವಾ ಸಂಕಪ್ಪಣ್ಣ, ಯಾರೂ ಕೈ ಹಾಕಿಲ್ಲಾಂತ?" ಎಂದ ಶರೀಫ. "ನಾನು ನನ್ನ ಕೆಲಸದ ಮೇಲೆಯೇ ಸಂಶಯಪಟ್ಟೆ. ಜನ ನನ್ನನ್ನು ನೋಡಿ ನಗಾಡಿದ್ರು!"

"ಡೈನಮೋ ಮಟ್ಟಿಗೆ ಆಣೆ ಹಾಕಿದ್ದು" ಎಂದರು ಸಂಕಪ್ಪಣ್ಣ. ಅವರ ಮುಖ ನೋಡಲಾಗುತ್ತಿರಲಿಲ್ಲ.

ಬಯ್ಯಲು ಇಬ್ಬರೂ ಬಾಯಿ ತೆರೆದರು. ಆದರೆ ಎದುರಿಗೆ ಅಷ್ಟು ವಯಸ್ಸಿನ ಮನುಷ್ಯ ಕೈ ಕಟ್ಟಿ ನಿಂತದ್ದನ್ನು ಕಂಡು ಬೈಗುಳ ಹೊರಗೆ ಬರಲಿಲ್ಲ. ಹೊರಟ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ, ಒಬ್ಬರ ಮೇಲೊಬ್ಬರಿಗೆ ಹೋಯಿತು. ಟೈಟ್ ಮಾಡಿದ್ದರಿಂದ ಬೇರಿಂಗ್ ಸತ್ತಿತು ಎಂದು ಇವನು, ಲೂಸ್ ಮಾಡಿದ್ದರಿಂದ ಚಾರ್ಜ್ ಸತ್ತಿತು ಎಂದು ಅವನು. ಬೆಲ್ಟ್ ಎಷ್ಟು ಬಿಗಿ ಇರಬೇಕೆಂಬ ವಿಷಯದಲ್ಲಿ ಸಿದ್ಧಕಟ್ಟೆಯ ಪೇಟೆ ಎರಡು ಪಕ್ಷವಾಯಿತು. ಎಳನೀರು ಅಂಗಡಿಯವನು ಶರೀಫನ ಕಡೆ, ರಿಕ್ಷಾದವರೆಲ್ಲ ಅಮಲನ ಕಡೆ. ಬಂಟ್ವಾಳದಲ್ಲಿ ಮುಹೂರ್ತ ಹತ್ತಿರವಾಗುತ್ತಿತ್ತು.

ಕಾರಿನ ಬಾಗಿಲು ತೆರೆಯಿತು. ಶಶಿಪ್ರಭಕ್ಕ ಜರಿ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದು ಬಂದರು. ರಿಕ್ಷಾದವರು ದಾರಿ ಬಿಟ್ಟರು.

"ಶರೀಫ, ನಿನ್ನದು ಲೂಸ್. ಅಮಲ್, ನಿಮ್ಮದು ಟೈಟ್. ನಡುವೆ ಒಂದು ಜಾಗ ಇಲ್ವಾ?"

ನಡುವಿನ ಜಾಗ ಇಬ್ಬರಿಗೂ ಹೊಳೆದಿರಲಿಲ್ಲ ಎಂದಲ್ಲ. ಅಲ್ಲಿಗೆ ಬಂದರೆ ಯಾರು ಸೋತ ಹಾಗಾಗುತ್ತದೆ ಎಂಬುದು ಪ್ರಶ್ನೆಯಾಗಿತ್ತು. ಕಡೆಗೆ ಶರೀಫ ಸ್ಪಾನರ್ ಹಿಡಿದ. ಅಮಲ್ ಉಂಡೆಯನ್ನು ಹಿಡಿದು ಎಳೆದ. "ಸ್ವಲ್ಪ ಬಿಡಿ." "ಸ್ವಲ್ಪ ತೆಗೀರಿ." "ಸಾಕಾ?" "ಇನ್ನು ಒಂದು ಎಳೆ." ಬಿಳಿ ಅಂಗಿಯಲ್ಲೂ ಇಸ್ತ್ರಿ ಅಂಗಿಯಲ್ಲೂ ಕರಿ ಗ್ರೀಸು ಸಮಪಾಲಾಗಿ ಹತ್ತಿತು. ನಾನು ಅಭ್ಯಾಸಬಲದಿಂದ ಹರಿವಾಣವನ್ನು ಎಳನೀರಿನವನ ಕೈಗೆ ಕೊಟ್ಟು ಹಿಂದೆ ಹೋಗಿ ನಿಂತೆ. ದೂಡುವ ಅಗತ್ಯ ಬೀಳಲಿಲ್ಲ, ಹರಿವಾಣ ವಾಪಸು ಪಡೆದೆ. ಕಾರು ಒಂದೇ ಕೀಗೆ ಹೊರಟಿತು. ದೀಪವಿಲ್ಲ, ಸದ್ದಿಲ್ಲ. ಅಷ್ಟು ಮೌನವಾಗಿ ಆ ಕಾರು ಓಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಒಳಗೆ ಕುಳಿತ ಮೇಲೆ ಅಮಲ್ ತಗ್ಗಿದ ದನಿಯಲ್ಲಿ, "ಈಗ ಗ್ಯಾರಂಟಿ ಯಾರದ್ದು?" ಎಂದ.

"ಆಲ್ಟರ್ನೇಟರ್ ನಿಮ್ಮದು, ಡೈನಮೋ ನನ್ನದು" ಎಂದ ಶರೀಫ. ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ನಕ್ಕರು. ಸಂಕಪ್ಪಣ್ಣ ಮಾತ್ರ ನಗಲಿಲ್ಲ. ಕಾರು ದಾರಿಯಲ್ಲಿ ನಿಂತಿದ್ದಂತೂ ನಿಂತಿತ್ತು. ಅವರು ಸುಳ್ಳು ಹೇಳುವವರಲ್ಲ.

ಬಂಟ್ವಾಳದ ಸಭಾಭವನದ ಬಾಗಿಲಲ್ಲಿ ಶೋಧನ ಕಾಯುತ್ತಿದ್ದ. ಗ್ರೀಸು ಹತ್ತಿದ ಇಬ್ಬರು ಅತಿಥಿಗಳನ್ನು ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಮೆಲ್ಲಗೆ ಕೈ ಚಾಚಿದ. "ಭಾವ, ದಾರಿಯಲ್ಲಿ ನಿಂತಿತಲ್ಲ?"

ಸಂಕಪ್ಪಣ್ಣ ಜೇಬಿನಿಂದ ಕೀ ತೆಗೆದರು. "ಹೌದು, ನಿಂ—"

"ನಿಂತದ್ದಲ್ಲ" ಎಂದರು ಶಶಿಪ್ರಭಕ್ಕ. ಗಂಡನ ಬೆರಳುಗಳನ್ನು ಕೀಯ ಸುತ್ತ ಮಡಚಿ, ಹರಿವಾಣ ತೆಗೆದುಕೊಳ್ಳಲು ನನ್ನತ್ತ ಕೈ ಚಾಚಿದರು. "ಇವರು ನಿಲ್ಲಿಸಿದ್ದು."

ಶೋಧನ ಅಕ್ಕನನ್ನು ನೋಡಿದ. "ನಿಲ್ಲಿಸಿದ್ದಾ? ಮುಹೂರ್ತದ ಹೊತ್ತಿಗೆ? ಎಂಥಕ್ಕೆ?"

"ಕಾರಲ್ಲಿ ಡೈನಮೋ ಎಷ್ಟು ಉಂಟು ಅಂತ ಎಣಿಸ್ಲಿಕ್ಕೆ."

ಶೋಧನ ಭಾವನ ಕಡೆ ತಿರುಗಿದ. ಒಳಗೆ ನಾಗಸ್ವರ ಜೋರಾಯಿತು. "ಎಷ್ಟು ಉಂಟು, ಭಾವ?" ಎಂದು ಕೇಳಿದ.

ಸಂಕಪ್ಪಣ್ಣ ಸೆರಗು ಸರಿಮಾಡಿಕೊಂಡು ಒಳಗೆ ನಡೆಯುತ್ತಿದ್ದ ಹೆಂಡತಿಯನ್ನೇ ನೋಡುತ್ತಿದ್ದರು.

"ಒಂದೇ ಮಾರಾಯ" ಎಂದರು. "ಒಂದು ಸಾಕು."